ಬೈಕ್ ಅಪಘಾತದಲ್ಲಿ ಮನೆಯವರನ್ನು ಕಳೆದುಕೊಂಡವರಿಗೆ ಅವರ ಹಕ್ಕನ್ನು ಕನ್ನಡದಲ್ಲಿ ತಿಳಿಸಿ: ಕಾಸರಗೋಡು ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳಿಗೆ,
ಕಲೆಕ್ಟರೇಟ್, ವಿದ್ಯಾನಗರ, ಕಾಸರಗೋಡು

ಗೌರವಪೂರ್ವಕ ನಮಸ್ಕಾರಗಳು.

ನಾನು ಪೆರ್ಲ–ಬದಿಯಡ್ಕ ಕಡೆಯವಳು. ನಮ್ಮ ವಾರ್ಡಿನ ಹೆಂಗಸರ ಸ್ವಸಹಾಯ ಗುಂಪಾದ ಕುಟುಂಬಶ್ರೀಯ ಲೆಕ್ಕ ನೋಡಿಕೊಳ್ಳುತ್ತೇನೆ. ಓದಿದ್ದು ಕನ್ನಡ ಶಾಲೆಯಲ್ಲಿ, ಮಲಯಾಳಂ ಓದಲು ಆಮೇಲೆ ಕಲಿತೆ. ಹಾಗಾಗಿ ಆಫೀಸಿನಿಂದ, ಬ್ಯಾಂಕಿನಿಂದ ಏನಾದರೂ ಕಾಗದ ಬಂದರೆ ಅಕ್ಕಪಕ್ಕದವರು ನನ್ನ ಹತ್ತಿರ ತರುತ್ತಾರೆ. ಮನೆಯ ದುಡಿಯುವ ಗಂಡಸು ಬೈಕಿನಿಂದ ಬಿದ್ದು ತೀರಿಕೊಂಡ ಮನೆಗಳ ಕಾಗದಗಳನ್ನೂ ಹೀಗೆ ಓದಿಕೊಟ್ಟಿದ್ದೇನೆ. ಆ ಮನೆಗಳಿಗೆ ಮೊದಲು ಬರುವುದು ಸಾಲ ಕೊಟ್ಟವರ ಕಾಗದ. ಕಾನೂನು ಆ ಮನೆಯವರಿಗೆ ಏನು ಕೊಟ್ಟಿದೆ ಎಂದು ಹೇಳುವ ಕಾಗದ ತಿಂಗಳಾದರೂ ಬರುವುದಿಲ್ಲ, ಬಂದರೂ ಅವರು ಓದಬಲ್ಲ ಭಾಷೆಯಲ್ಲಿ ಇರುವುದಿಲ್ಲ. ಇದನ್ನು ಸರಿ ಮಾಡಬೇಕು ಎಂದು ಕೇಳುವುದಕ್ಕೇ ಈ ಪತ್ರ.

ನಿಮಗೇ ಬರೆಯಲು ಕಾರಣ ಉಂಟು. ಜಿಲ್ಲೆಯ ಕಂದಾಯ ಇಲಾಖೆಗೆ ನೀವು ಮುಖ್ಯಸ್ಥರು. ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಗೆ ನೀವೇ ಅಧ್ಯಕ್ಷರು. ಲೀಡ್ ಬ್ಯಾಂಕ್ ಕರೆಯುವ ಜಿಲ್ಲಾ ಮಟ್ಟದ ಬ್ಯಾಂಕರ್‌ಗಳ ಸಭೆಯ ಅಧ್ಯಕ್ಷತೆಯೂ ನಿಮ್ಮದೇ. ರಸ್ತೆ, ಸಾಲ, ವಾರಸು, ಈ ಮೂರೂ ಒಂದೇ ಮನೆಯ ಮೇಲೆ ಒಟ್ಟಿಗೆ ಬೀಳುತ್ತವೆ. ಮೂರಕ್ಕೂ ಉತ್ತರ ಕೊಡಬಲ್ಲ ಜಾಗ ಜಿಲ್ಲೆಯಲ್ಲಿ ಒಂದೇ, ನಿಮ್ಮ ಕಚೇರಿ.

ನಾನು ಹತ್ತಿರದಿಂದ ಕಂಡ ಒಂದು ಮನೆಯ ವಿಷಯ ಹೇಳುತ್ತೇನೆ. ಹೆಸರು ಬೇಡ, ಅವರ ನೋವು ಇನ್ನೂ ಹಸಿ ಇದೆ. ಅವನಿಗೆ ನಲವತ್ತೂ ಆಗಿರಲಿಲ್ಲ. ಸ್ವಲ್ಪ ಅಡಿಕೆ ತೋಟ, ಉಳಿದ ದಿನಗಳಲ್ಲಿ ವಯರಿಂಗ್ ಕೆಲಸ. ಮಳೆಗಾಲದ ಒಂದು ಸಂಜೆ ಉಪ್ಪಳದಿಂದ ಬರುವಾಗ ತಿರುವಿನಲ್ಲಿ ಬೈಕ್ ಜಾರಿತು. ಎದುರಿನಿಂದ ಬೇರೆ ವಾಹನ ಬಂದಿರಲಿಲ್ಲ. ತಲೆ ಮೇಲೆ ಹೆಲ್ಮೆಟ್ ಇತ್ತು, ಆದರೆ ಅದು ರಸ್ತೆ ಬದಿಯಲ್ಲಿ ಕೊಂಡ ಅರ್ಧ ಹೆಲ್ಮೆಟ್, ಬಕಲ್ ಹಾಕಿರಲಿಲ್ಲ. ಬಿದ್ದಾಗ ಅವನು ಒಂದು ಕಡೆ, ಹೆಲ್ಮೆಟ್ ಒಂದು ಕಡೆ. ಮಂಗಳೂರಿನ ಒಂದು ಆಸ್ಪತ್ರೆಗೆ ಕೊಂಡುಹೋದರು. ಅಲ್ಲಿಯೇ ತೀರಿಕೊಂಡ. ಮನೆಯಲ್ಲಿ ಹೆಂಡತಿ, ವಯಸ್ಸಾದ ತಾಯಿ, ಶಾಲೆಗೆ ಹೋಗುವ ಎರಡು ಮಕ್ಕಳು.

ಬೊಜ್ಜ, ಅಂದರೆ ಉತ್ತರಕ್ರಿಯೆ, ಮುಗಿದ ಮರುದಿನವೇ ಒಂದು ಹಣಕಾಸು ಸಂಸ್ಥೆಯ ಇಬ್ಬರು ಮನೆಗೆ ಬಂದರು. ಅವನು ಬೋರ್‌ವೆಲ್ ಕೊರೆಸಲು ಅಲ್ಲಿ ಸಾಲ ತೆಗೆದಿದ್ದ. ಜಾಗದ ಅಡಮಾನ ಇರಲಿಲ್ಲ, ಬರೇ ಅವನ ಸಹಿ. ಬಂದವರು ಜೋರು ಮಾಡಲಿಲ್ಲ. ಕುರ್ಚಿ ಎಳೆದು ಕೂತರು, ಕೊಟ್ಟ ಚಹಾ ಕುಡಿದರು. "ಸುಮ್ನೆ ಒಂದು ಸಹಿ ಅಕ್ಕಾ, ಫೈಲಿಗೆ ಬೇಕು. ಇಲ್ಲದಿದ್ರೆ ತೋಟಕ್ಕೆ ನೋಟಿಸ್ ಬರ್ತದೆ" ಅಂದರು. ಆ ಹೆಂಗಸಿಗೆ ಮಲಯಾಳಂ ಮಾತು ಅರ್ಥವಾಗುತ್ತದೆ, ಓದಲು ಬರುವುದಿಲ್ಲ. ಸಹಿ ಹಾಕಿದಳು. ಸಂಜೆ ನಕಲನ್ನು ನನ್ನ ಹತ್ತಿರ ತಂದು "ಅಕ್ಕಾ, ಇದರಲ್ಲಿ ಎಂತ ಬರೆದಿದ್ದಾರೆ?" ಎಂದು ಕೇಳಿದಳು. ಉಳಿದ ಸಾಲ ಮತ್ತು ಬಡ್ಡಿ ಅಷ್ಟನ್ನೂ ತಾನೇ ಕಟ್ಟುತ್ತೇನೆ ಎಂದು ಅವಳು ಒಪ್ಪಿದ ಹೊಸ ಕರಾರು ಅದು. ಓದುತ್ತಾ ಹೋದಂತೆ ನನ್ನ ಕೈ ನಡುಗಿತು.

ಮಾನ್ಯರೇ, ಸತ್ತವರ ಸಾಲ ವಾರಸುದಾರರ ತಲೆಗೆ ಹಾಗೇ ಬಂದು ಕೂರುವುದಿಲ್ಲ. ಸತ್ತವರ ಆಸ್ತಿಯಿಂದ ವಾರಸುದಾರರ ಕೈಗೆ ಎಷ್ಟು ಬಂದಿದೆಯೋ ಅಷ್ಟರ ಮಟ್ಟಿಗೆ ಮಾತ್ರ ವಸೂಲಿ ಎಂದು ಸಿವಿಲ್ ಪ್ರಕ್ರಿಯಾ ಸಂಹಿತೆಯ 50 ಮತ್ತು 52ನೇ ಸೆಕ್ಷನ್‌ಗಳು ಹೇಳುತ್ತವೆ. ಹೆಂಡತಿಯ ಕೂಲಿ, ಅವಳ ತವರಿನ ಬಂಗಾರ, ಮುಂದೆ ಮಕ್ಕಳು ದುಡಿಯುವ ದುಡ್ಡು, ಇದಕ್ಕೆಲ್ಲ ಸಾಲ ಕೊಟ್ಟವರು ಕೈ ಹಾಕುವಂತಿಲ್ಲ. ಅಪ್ಪನ ಸಾಲ ತೀರಿಸುವುದು ಮಗನ ಧರ್ಮ ಎಂಬ ಹಳೆಯ ಹಿಂದೂ ನಿಯಮವನ್ನೂ ಕೇರಳದಲ್ಲಿ 1976ರಲ್ಲೇ ತೆಗೆದುಹಾಕಲಾಗಿದೆ. ಆದರೆ ಬದುಕಿರುವವರು ಹೊಸ ಕಾಗದಕ್ಕೆ ಸಹಿ ಹಾಕಿದರೆ ಆ ರಕ್ಷಣೆ ಹೋಯಿತು. ಸಾಲ ಅವರದ್ದೇ ಆಗುತ್ತದೆ. ಸಾಲ ಕೊಟ್ಟವರಿಗೆ ಇದು ಚೆನ್ನಾಗಿ ಗೊತ್ತು. ವಾರಸುದಾರರ ಸರ್ಟಿಫಿಕೇಟ್ ಆಗುವ ಮೊದಲೇ, ಅಳು ನಿಲ್ಲುವ ಮೊದಲೇ ಅವರು ಬರುವುದು ಅದಕ್ಕೇ. ಇದನ್ನು ನಾನು ವಂಚನೆ ಎಂದೇ ಕರೆಯುತ್ತೇನೆ.

ಸಾಲ ಕಟ್ಟಲೇಬಾರದು ಎಂದು ನಾನು ಹೇಳುತ್ತಿಲ್ಲ. ತೋಟದ ಮೇಲೆ ಅಡಮಾನ ಇದ್ದರೆ ಅದು ತೋಟದ ಜೊತೆಗೇ ಬರುತ್ತದೆ, ತೋಟ ಯಾರ ಹೆಸರಿಗೆ ಆದರೂ ಸರಿ. ಅದು ನ್ಯಾಯವೇ. ಆದರೆ ಮನೆಯವರ ಪರವಾಗಿ ಇರುವ ವಿಷಯಗಳನ್ನೂ ಹೇಳಬೇಕು, ಅಲ್ವಾ? ಎಷ್ಟೋ ಸಾಲಗಳಲ್ಲಿ ದುಡ್ಡು ಕೈಗೆ ಕೊಡುವಾಗಲೇ ವಿಮೆಯ ಕಂತು ಹಿಡಿದುಕೊಂಡಿರುತ್ತಾರೆ. ಸಾಲಗಾರ ತೀರಿಕೊಂಡರೆ ಆ ವಿಮೆಯಿಂದ ಸಾಲ ತೀರಬೇಕು. ಸಹಕಾರಿ ಬ್ಯಾಂಕುಗಳ ಸಾಲಗಾರ ತೀರಿಕೊಂಡರೆ ಸಾಲ ತೀರಿಸಲು ನೆರವಾಗುವ ರಿಸ್ಕ್ ಫಂಡ್ ಯೋಜನೆ ಕೇರಳದಲ್ಲಿ ಇದೆ. ಈ ಮನೆಗೆ ಒಂದು ಸಹಕಾರಿ ಬ್ಯಾಂಕಿನ ಸಾಲವೂ ಇತ್ತು. ಬಾಕಿ ಎಷ್ಟು ಎಂದು ಪೈಸೆ ಲೆಕ್ಕದವರೆಗೆ ಬರೆದು ಕಳಿಸಿದರು. ರಿಸ್ಕ್ ಫಂಡ್ ಎಂಬ ಎರಡು ಪದ ಆ ಕಾಗದದಲ್ಲಿ ಇರಲಿಲ್ಲ. ನಾವಾಗಿ ಹೋಗಿ ಕೇಳಿದ ಮೇಲೆ ಅರ್ಜಿ ಕೊಟ್ಟರು.

ವಸೂಲಿಗೆ ಫೋನು ಮಾಡುವವರ ಕಾಟ ಬೇರೆ. ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಫೋನು ಮಾಡಬಾರದು ಎಂದು ರಿಸರ್ವ್ ಬ್ಯಾಂಕ್ ಹೇಳಿದೆ. ಈ ಮನೆಯಲ್ಲಿ ರಾತ್ರಿ ಮಕ್ಕಳು ಊಟಕ್ಕೆ ಕೂತಾಗ ಸತ್ತ ಅಪ್ಪನ ಫೋನೇ ರಿಂಗಾಗುತ್ತಿತ್ತು.

ಇಷ್ಟರಲ್ಲಿ ಯಾರೋ ಒಬ್ಬರು "ಪಾಪರ್ ಅರ್ಜಿ ಹಾಕಿ ಬಿಡಿ, ಎಲ್ಲ ಮನ್ನಾ" ಅಂದರು. ಮಾಡಿಸಿಕೊಡಲು ಅಡ್ವಾನ್ಸನ್ನೂ ಕೇಳಿದರು. ನಮ್ಮ ಕಡೆ ಈ ಸಲಹೆ ಬಹಳ ಸುಲಭವಾಗಿ ಸಿಗುತ್ತದೆ. ಪಾಪರ್ ಆಗುವುದು ಅವರವರ ಸ್ವಂತ ಸಾಲಕ್ಕೆ. ಗಂಡನ ಸಾಲಕ್ಕೆ ಸಹಿ ಹಾಕದೆ ಇದ್ದಿದ್ದರೆ ಈ ಹೆಂಗಸಿಗೆ ಅದರ ಮಾತೇ ಬೇಕಿರಲಿಲ್ಲ. 2016ರ ದಿವಾಳಿ ಸಂಹಿತೆಯಲ್ಲಿ ಸಾಮಾನ್ಯ ಜನರಿಗಾಗಿ ಬರೆದ ಭಾಗ ಜಾರಿಗೇ ಬಂದಿಲ್ಲ, ಕಂಪನಿಗಳ ಸಾಲಕ್ಕೆ ಜಾಮೀನು ನಿಂತವರಿಗೆ ಮಾತ್ರ 2019ರ ಡಿಸೆಂಬರ್‌ನಿಂದ ಅನ್ವಯವಾಗುತ್ತಿದೆ. ಉಳಿದವರಿಗೆ ಇರುವುದು ಸಿವಿಲ್ ಕೋರ್ಟಿನ ಹಳೆಯ ದಾರಿ. ಅದಕ್ಕೆ ಆಸ್ತಿ, ಸಾಲ ಎಲ್ಲದರ ಲೆಕ್ಕ ಒಪ್ಪಿಸಬೇಕು, ಇರುವ ಆಸ್ತಿ ಕೋರ್ಟಿನ ಕೈಗೆ ಹೋಗುತ್ತದೆ. ದಲ್ಲಾಳಿಯ ಮಾತು ಕೇಳಿ ಹಾಕುವ ಅರ್ಜಿ ಅದಲ್ಲ.

ಈಗ ವಿಮೆಯ ವಿಷಯ. "ಎದುರು ವಾಹನ ಇಲ್ಲ, ಸೆಲ್ಫ್ ಆಕ್ಸಿಡೆಂಟ್, ಎಂತದೂ ಸಿಗುದಿಲ್ಲ" ಎಂದು ಎಲ್ಲರೂ ಹೇಳಿದ್ದರು. ಪೊಲೀಸ್ ಠಾಣೆಯ ಅಂಗಳದಲ್ಲಿ ನಿಂತಿದ್ದ ಬೈಕಿನ ಸೀಟು ಎತ್ತಿದಾಗ ಪ್ಲಾಸ್ಟಿಕ್ ಕವರಿನಲ್ಲಿ ಮಡಚಿಟ್ಟ ವಿಮೆ ಕಾಗದ ಸಿಕ್ಕಿತು. ಒಂದು ಮೂಲೆ ಒದ್ದೆಯಾಗಿ ಅಂಟಿಕೊಂಡಿತ್ತು. ಬಿಡಿಸಿ ಓದಿದರೆ ಥರ್ಡ್ ಪಾರ್ಟಿ ವಿಮೆಯ ಕೆಳಗಿನ ಸಾಲಿನಲ್ಲಿ ಓನರ್ ಡ್ರೈವರ್ ಪರ್ಸನಲ್ ಆಕ್ಸಿಡೆಂಟ್ ಕವರ್, 15,00,000 ರೂಪಾಯಿ. ವಾಹನದ ಮಾಲೀಕ ತಾನೇ ಓಡಿಸುವಾಗ ತೀರಿಕೊಂಡರೆ, ತಪ್ಪು ಯಾರದ್ದೇ ಇರಲಿ, ಮನೆಯವರಿಗೆ ಸಿಗಬೇಕಾದ ಹಣ ಅದು. ಅವನ ಹೆಸರಿನಲ್ಲಿ ಆರ್‌ಸಿ ಇತ್ತು, ಲೈಸೆನ್ಸ್ ಇತ್ತು. 2018ರಿಂದ ಈ ಮೊತ್ತ 15 ಲಕ್ಷ ಇದೆ. ನಮ್ಮ ಊರಿನಲ್ಲಿ ಬೈಕ್ ಇರುವ ಎಷ್ಟು ಮನೆಗೆ ಇದು ಗೊತ್ತು? ಇನ್ನೊಂದು ಅಪಾಯವೂ ಉಂಟು. ಹೊಸ ಬೈಕಿಗೆ ಥರ್ಡ್ ಪಾರ್ಟಿ ವಿಮೆ 5 ವರ್ಷಕ್ಕೆ ಮಾಡಿಸಿರುತ್ತಾರೆ. ಈ ಪರ್ಸನಲ್ ಆಕ್ಸಿಡೆಂಟ್ ಕವರ್ ಅನೇಕರಿಗೆ ಒಂದೇ ವರ್ಷಕ್ಕೆ ಇರುತ್ತದೆ. ಐದು ವರ್ಷ ವಿಮೆ ಉಂಟು ಎಂದು ನಂಬಿ ಓಡಿಸುತ್ತಿರುತ್ತಾರೆ, ಮನೆಯವರಿಗೆ ಬೇಕಾದ ಭಾಗ ಯಾವಾಗಲೋ ಮುಗಿದಿರುತ್ತದೆ.

ಆದರೆ ನಾಮಿನಿ ಜಾಗ ಖಾಲಿ ಇತ್ತು. ಹಾಗಾಗಿ ವಿಮಾ ಕಂಪನಿ ವಾರಸುದಾರರ ಸರ್ಟಿಫಿಕೇಟ್ ಕೇಳಿತು. ಅಲ್ಲಿಂದ ವಿಲ್ಲೇಜ್ ಆಫೀಸ್, ತಾಲೂಕು ಆಫೀಸ್, ಆನ್‌ಲೈನ್ ಅರ್ಜಿ ಹಾಕುವ ಅಕ್ಷಯ ಕೇಂದ್ರ ಎಂಬ ಅಲೆದಾಟ ಶುರುವಾಯಿತು. ಸಾವು ಆದದ್ದು ಮಂಗಳೂರಿನಲ್ಲಿ, ಹಾಗಾಗಿ ಮರಣ ಪತ್ರ ಕರ್ನಾಟಕದ್ದು, ಕನ್ನಡದಲ್ಲಿ ಇತ್ತು. ನಮ್ಮ ಆಫೀಸಿನಲ್ಲಿ ಕನ್ನಡ ಓದುವವರು ಆ ದಿನ ಇರಲಿಲ್ಲ. ಅರ್ಜಿ ನಮೂನೆ ಮಲಯಾಳಂನಲ್ಲಿ ಇತ್ತು, ಕನ್ನಡದಲ್ಲಿ ಕೊಡಿ ಎಂದರೆ ಇಲ್ಲ ಅಂದರು. ಅಲ್ಲಿದ್ದ ಅಧಿಕಾರಿ ಒಳ್ಳೆಯವರೇ. ಕೂರಲು ಹೇಳಿದರು, ಸಾವಧಾನವಾಗಿ ಮಾತಾಡಿದರು. ಆದರೆ ಅವರಿಗೆ ನಮ್ಮ ಕಾಗದ ಓದಲಾಗದು, ಇವಳಿಗೆ ಅವರ ಕಾಗದ ಓದಲಾಗದು. ಗೆಜೆಟ್‌ನಲ್ಲಿ ನೋಟಿಸ್ ಬಂದು 30 ದಿನ ತಕರಾರಿಗೆ ಕಾಯಬೇಕು ಎಂಬುದನ್ನೂ ಅವಳಿಗೆ ಯಾರೂ ಬಿಡಿಸಿ ಹೇಳಿರಲಿಲ್ಲ. ಗೆಜೆಟ್ ಅಂದರೆ ಕೋರ್ಟಿನ ಕೇಸು ಎಂದು ತಿಳಿದು ರಾತ್ರಿಯೆಲ್ಲ ನಿದ್ದೆ ಮಾಡಿರಲಿಲ್ಲ.

ಮನೆಯೊಳಗೂ ಒಂದು ಗೊಂದಲ ಎದ್ದಿತ್ತು. ಕುಟುಂಬದ ಹಿರಿಯರೊಬ್ಬರು "ನಮ್ಮದು ಅಳಿಯಕಟ್ಟು, ತೋಟದಲ್ಲಿ ಹೆಂಡತಿ ಮಕ್ಕಳಿಗೆ ಪಾಲಿಲ್ಲ" ಅಂದುಬಿಟ್ಟರು. ಅಳಿಯಕಟ್ಟು ಅಂದರೆ ಆಸ್ತಿ ತಾಯಿಯ ಕಡೆಯಿಂದ ಇಳಿದು ಬರುವ ಹಳೆಯ ಪದ್ಧತಿ. ಅವರು ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ, ಹಾಗೆಯೇ ನಂಬಿದ್ದರು. ಆ ಒಂದು ಮಾತಿಗೆ ಹೆದರಿ ತೀರಿಕೊಂಡವನ ತಾಯಿ ಅರ್ಜಿಗೆ ಸಹಿ ಹಾಕಲಿಲ್ಲ, ತಿಂಗಳುಗಳು ಹಾಗೇ ಹೋದವು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದ ಮೇಲೆ ಅಳಿಯಕಟ್ಟಿನ ಕುಟುಂಬದಲ್ಲಿ ತೀರಿಕೊಂಡವರ ಪಾಲೂ ಆ ಕಾಯ್ದೆಯ ಪ್ರಕಾರವೇ ಹಂಚಿಹೋಗುತ್ತದೆ. ಕೇರಳದಲ್ಲಿ ಅವಿಭಕ್ತ ಕುಟುಂಬ ಪದ್ಧತಿಯನ್ನು ರದ್ದು ಮಾಡಿದ ಕಾಯ್ದೆ 1976ರ ಡಿಸೆಂಬರ್ 1ರಿಂದ ಜಾರಿಯಲ್ಲಿದೆ. ಉಯಿಲು ಬರೆಯದೆ ತೀರಿಕೊಂಡ ಗಂಡಸಿನ ಆಸ್ತಿಗೆ ಹೆಂಡತಿ, ತಾಯಿ, ಗಂಡು ಹೆಣ್ಣು ಎನ್ನದೆ ಮಕ್ಕಳು ಮೊದಲ ಸಾಲಿನ ವಾರಸುದಾರರು. ಈ ಮನೆಯಲ್ಲಿ ನಾಲ್ಕು ಜನ, ನಾಲ್ಕು ಸಮ ಪಾಲು. ಮಕ್ಕಳು ಚಿಕ್ಕವರು, ಅವರ ಪಾಲಿನ ಜಾಗವನ್ನು ಕೋರ್ಟಿನ ಒಪ್ಪಿಗೆ ಇಲ್ಲದೆ ತಾಯಿಯೂ ಮಾರುವಂತಿಲ್ಲ. ನಮ್ಮ ಜಿಲ್ಲೆಯಲ್ಲಿ ಮುಸ್ಲಿಂ ಮನೆಗಳಿಗೆ ಶರಿಯತ್ ಪ್ರಕಾರ ಪಾಲು, ಕ್ರೈಸ್ತರಿಗೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ. ಯಾವ ಮನೆಗೆ ಯಾವ ಲೆಕ್ಕ ಎಂದು ಒಂದು ಪುಟದಲ್ಲಿ ಬರೆದು ವಿಲ್ಲೇಜ್ ಆಫೀಸಿನ ಗೋಡೆಗೆ ಹಚ್ಚಬಹುದಿತ್ತು.

ಜಾಗದ ತೆರಿಗೆ ಇನ್ನೂ ಅವನ ಅಪ್ಪನ ತಂಡಪ್ಪೇರಿನಲ್ಲೇ, ಅಂದರೆ ಅಪ್ಪನ ಹೆಸರಿನ ತೆರಿಗೆ ಖಾತೆಯಲ್ಲೇ, ಇತ್ತು. ಅಪ್ಪ ತೀರಿಕೊಂಡು ಎಷ್ಟೋ ವರ್ಷ ಆಗಿದೆ, ಪೋಕ್ಕುವರವು (ಖಾತೆ ಬದಲಾವಣೆ) ಮಾಡಿಸಿರಲಿಲ್ಲ. ಹೀಗಿರುವ ಮನೆಗಳು ನಮ್ಮ ಕಡೆ ಬೇಕಾದಷ್ಟು ಇವೆ. ಇದಕ್ಕಾಗಿ ಪಂಚಾಯತಿಗೊಂದು ಅದಾಲತ್ ಇಟ್ಟರೂ ಕೆಲಸ ಮುಗಿಯದು.

ಎದುರು ವಾಹನ ಇದ್ದ ಅಪಘಾತಗಳಲ್ಲಿ ಸಮಯದ ಚಿಂತೆ ಇನ್ನೂ ದೊಡ್ಡದು. ಪರಿಹಾರಕ್ಕೆ 6 ತಿಂಗಳೊಳಗೆ ಟ್ರಿಬ್ಯೂನಲ್‌ಗೆ ಅರ್ಜಿ ಹಾಕಬೇಕು ಎಂದು 2022ರ ಏಪ್ರಿಲ್ 1ರಿಂದ ಮೋಟಾರು ವಾಹನ ಕಾಯ್ದೆ ಹೇಳುತ್ತದೆ. ಆ ಗಡುವನ್ನು ಪ್ರಶ್ನಿಸಿದ ಅರ್ಜಿಗಳು ಸುಪ್ರೀಂ ಕೋರ್ಟಿಗೆ ಹೋಗಿವೆ, ಆದರೂ ಅದನ್ನು ನಂಬಿ ಯಾರೂ ಕೂರಬಾರದು. ಗುದ್ದಿ ಓಡಿಹೋದ ವಾಹನ ಸಿಗದಿದ್ದರೂ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ ಕೊಡುವ ವ್ಯವಸ್ಥೆ ಇದೆ. ಅಪಘಾತ ತಲಪಾಡಿಯ ಆಚೆ ಕರ್ನಾಟಕದಲ್ಲಿ ಆಗಿದ್ದರೂ ಕಾಸರಗೋಡಿನಲ್ಲಿ ವಾಸ ಇರುವವರು ಇಲ್ಲಿಯೇ ಅರ್ಜಿ ಹಾಕಬಹುದು. ಗಡಿ ದಾಟಿ ದಿನಾ ಕೆಲಸಕ್ಕೆ ಹೋಗುವ ನಮ್ಮ ಹುಡುಗರ ಮನೆಯವರಿಗೆ ಇದು ಗೊತ್ತಿರಲೇಬೇಕು.

ಅದೇ 2022ರ ಮೋಟಾರು ವಾಹನ ನಿಯಮಗಳಲ್ಲಿ ಒಂದು ನಮೂನೆ ಇದೆ, ಫಾರಂ 2. ಅಪಘಾತಕ್ಕೆ ಸಿಕ್ಕವರ ಮತ್ತು ಅವರ ಮನೆಯವರ ಹಕ್ಕುಗಳೇನು ಎಂದು ಬರೆದ ಕಾಗದ ಅದು. ತನಿಖೆ ಮಾಡುವ ಪೊಲೀಸ್ ಅಧಿಕಾರಿ ಅದನ್ನು 10 ದಿನದೊಳಗೆ ಮನೆಯವರಿಗೆ ಕೊಡಬೇಕು. ಈ ಮನೆಗೆ ಅದು ಬಂದಿಲ್ಲ. ನಾನು ಕಾಗದ ಓದಿಕೊಟ್ಟ ಬೇರೆ ಯಾವ ಮನೆಯಲ್ಲೂ ಅದನ್ನು ಕಂಡಿಲ್ಲ. ಅದೊಂದು ಹಾಳೆ ಕನ್ನಡದಲ್ಲಿ ಆ ಹೆಂಗಸಿನ ಕೈಗೆ ಬೊಜ್ಜದ ಮೊದಲು ಸಿಕ್ಕಿದ್ದರೆ, ಜೊತೆಗೆ "ಸಾಲದ ಯಾವ ಕಾಗದಕ್ಕೂ ಈಗ ಸಹಿ ಹಾಕಬೇಡಿ" ಎಂಬ ಒಂದು ಸಾಲು ಇದ್ದಿದ್ದರೆ, ಅವಳು ಸಹಿ ಹಾಕುತ್ತಿರಲಿಲ್ಲ.

ಹಾಗಾಗಿ ನನ್ನ ಮೊದಲ ಬೇಡಿಕೆ ಈ ಹಾಳೆಯೇ. ಕಾಸರಗೋಡು ಮತ್ತು ಮಂಜೇಶ್ವರ ತಾಲೂಕಿನ ಪ್ರತಿ ಠಾಣೆಯಲ್ಲಿ ಫಾರಂ 2 ಕನ್ನಡದಲ್ಲಿ ಇರಲಿ. ಅದರ ಹಿಂಬದಿಯಲ್ಲಿ ಸಾಲ, ವಾರಸು, ಬೈಕಿನ 15 ಲಕ್ಷದ ಕವರ್, ರಿಸ್ಕ್ ಫಂಡ್ ಬಗ್ಗೆ ನಾಲ್ಕು ಮಾತು ಇರಲಿ. ಉಚಿತ ಕಾನೂನು ನೆರವಿನ ನಂಬರ್ 15100 ದೊಡ್ಡದಾಗಿ ಕಾಣಲಿ. ಆದಾಯ ಎಷ್ಟೇ ಇದ್ದರೂ ಹೆಂಗಸರಿಗೆ, ಮಕ್ಕಳಿಗೆ ಈ ನೆರವು ಉಚಿತ ಎಂದು 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಲ್ಲೇ ಇದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದವರೊಂದಿಗೆ ಮಾತಾಡಿ ಕನ್ನಡ ಬಲ್ಲ ಒಬ್ಬ ಸ್ವಯಂಸೇವಕರನ್ನು ಪಂಚಾಯತಿಗೊಬ್ಬರಂತೆ ಗೊತ್ತು ಮಾಡಿ. ನಮ್ಮ ಕುಟುಂಬಶ್ರೀ ಹೆಂಗಸರು ಇದಕ್ಕೆ ಕೈ ಜೋಡಿಸಲು ತಯಾರಿದ್ದಾರೆ.

ವಾರಸುದಾರರ ಸರ್ಟಿಫಿಕೇಟಿನ ಅರ್ಜಿ, ನೋಟಿಸ್, ಉತ್ತರ, ಈ ಮೂರೂ ಕನ್ನಡದಲ್ಲಿ ಸಿಗಬೇಕು. ಇದು ನಾವು ಕೇಳುವ ಉಪಕಾರವಲ್ಲ. ತನ್ನ ಅಹವಾಲನ್ನು ತನ್ನ ಭಾಷೆಯಲ್ಲಿ ಕೊಡುವ ಹಕ್ಕು ಸಂವಿಧಾನದ 350ನೇ ವಿಧಿಯಲ್ಲಿದೆ. ಇಲ್ಲಿನ ಕನ್ನಡಿಗರು ಕನ್ನಡದಲ್ಲಿ ಬರೆಯಬಹುದು, ಉತ್ತರವೂ ಕನ್ನಡದಲ್ಲಿ ಬರಬೇಕು ಎಂದು ಕೇರಳವೇ 1969ರ ಭಾಷಾ ಕಾಯ್ದೆಯಲ್ಲಿ ಒಪ್ಪಿಕೊಂಡ ಮಾತು. ಕನ್ನಡ ಓದಲು ಬರೆಯಲು ಬರುವ ಒಬ್ಬರಾದರೂ ಈ ಎರಡು ತಾಲೂಕಿನ ಪ್ರತಿ ವಿಲ್ಲೇಜ್ ಆಫೀಸಿನಲ್ಲಿ ಇರಲೇಬೇಕು. ಅವರಿಗೆ ವರ್ಗ ಆದರೆ ಆ ಜಾಗಕ್ಕೆ ಕನ್ನಡ ಬಲ್ಲವರೇ ಬರಬೇಕು.

ಬ್ಯಾಂಕರ್‌ಗಳ ಮುಂದಿನ ಸಭೆಯಲ್ಲಿ ಸ್ಪಷ್ಟವಾಗಿ ಹೇಳಿ: ಸಾಲಗಾರ ತೀರಿಕೊಂಡ ಮನೆಯಲ್ಲಿ ವಾರಸುದಾರರ ಸರ್ಟಿಫಿಕೇಟ್ ಆಗುವವರೆಗೆ ಹೊಸ ಕರಾರಿಗೆ ಸಹಿ ತೆಗೆದುಕೊಳ್ಳಬಾರದು. ಆಮೇಲೆ ತೆಗೆದುಕೊಂಡರೂ ಕನ್ನಡದ ಪ್ರತಿ ಕೊಟ್ಟು, ಓದಿ ಹೇಳಿ ತೆಗೆದುಕೊಳ್ಳಬೇಕು. ಸಾಲಕ್ಕೆ ವಿಮೆ ಇದೆಯೇ, ರಿಸ್ಕ್ ಫಂಡ್ ಇದೆಯೇ ಎಂದು ಬಾಕಿಯ ಮೊದಲ ಕಾಗದದಲ್ಲೇ ಬರೆಯಬೇಕು. ಆ ಸಭೆಗೆ ಬಾರದ ಸಣ್ಣ ಫೈನಾನ್ಸ್‌ಗಳ ಬಗ್ಗೆ ಪೊಲೀಸರಿಗೆ ಸೂಚನೆ ಹೋಗಬೇಕು.

ರಸ್ತೆಯ ಮಾತು ಕೊನೆಗೆ ಹೇಳುತ್ತಿದ್ದೇನೆ, ಆದರೆ ಅದು ಸಣ್ಣದಲ್ಲ. 2023ರ ಜೂನ್‌ನಿಂದ ಹೆಲ್ಮೆಟ್ ಇಲ್ಲದವರಿಗೆ ರಸ್ತೆ ಬದಿಯ ಕ್ಯಾಮರಾಗಳು ದಂಡ ಹಾಕುತ್ತಿವೆ. ಒಳ್ಳೆಯದೇ. ಆದರೆ ತಲೆ ಮೇಲೆ ಏನೋ ಕಂಡರೆ ಕ್ಯಾಮರಾಕ್ಕೆ ಸಾಕು, ಬಕಲ್ ಹಾಕಿದ್ದಾನೋ ಇಲ್ಲವೋ ಎಂದು ಅದು ನೋಡುವುದಿಲ್ಲ. ಹೆಲ್ಮೆಟ್ಟನ್ನು ಪಟ್ಟಿಯಿಂದ ಬಿಗಿಯಾಗಿ ಕಟ್ಟಿರಬೇಕು ಎಂದು ಮೋಟಾರು ವಾಹನ ಕಾಯ್ದೆಯ 129ನೇ ಸೆಕ್ಷನ್ನಿನಲ್ಲೇ ಇದೆ. 2021ರ ಜೂನ್ 1ರಿಂದ ಐಎಸ್‌ಐ ಗುರುತು ಇಲ್ಲದ ಹೆಲ್ಮೆಟ್ ಮಾರುವಂತೆಯೇ ಇಲ್ಲ. ಹಾಗಿದ್ದೂ ರಸ್ತೆ ಬದಿಯಲ್ಲಿ ಪ್ಲಾಸ್ಟಿಕ್ ಚಿಪ್ಪುಗಳನ್ನು ಹೆಲ್ಮೆಟ್ ಎಂದು ತೂಗುಹಾಕಿ ಮಾರುತ್ತಾರೆ. ಹಾಕಿದವನನ್ನು ಹಿಡಿಯುವ ಮೊದಲು ಮಾರುವವನನ್ನು ಹಿಡಿಯಿರಿ. ಹೆದ್ದಾರಿ ಅಗಲವಾಯಿತು, ಒಳರಸ್ತೆಗಳ ತಿರುವು ಮೊದಲಿನ ಹಾಗೆಯೇ ಇದೆ. ಜೂನ್ ಬರುವ ಮೊದಲು ಆ ತಿರುವುಗಳ ಪಟ್ಟಿ ಮಾಡಿಸಿ. ಜಾರುವ ಕಡೆ ಡಾಮರು ಸರಿಮಾಡಿಸಿ, ರಾತ್ರಿ ಕಾಣುವ ಫಲಕ ಹಾಕಿಸಿ. ಯಾವ ತಿರುವಿನಲ್ಲಿ ಯಾರು ಬಿದ್ದರು ಎಂದು ಊರಿನವರಿಗೆ ಗೊತ್ತು. ಕೇಳಿದರೆ ಹೇಳುತ್ತಾರೆ.

ಈ ಮನೆಯ ವಿಷಯದಲ್ಲೂ ಒಂದು ಬೇಡಿಕೆ ಇದೆ. ಸಹಿ ಹಾಕಿಸಿಕೊಂಡ ಆ ಕರಾರನ್ನು ಕಾನೂನು ಸೇವಾ ಪ್ರಾಧಿಕಾರದ ಮುಂದೆ ತರಿಸಿ, ಸಂಸ್ಥೆಯವರನ್ನೂ ಕೂರಿಸಿ ಮಾತಾಡಲು ಅವಕಾಶ ಮಾಡಿಕೊಡಿ. ಓದಲು ಬಾರದ ಭಾಷೆಯಲ್ಲಿ, ಹೆದರಿಸಿ ಪಡೆದ ಸಹಿಯನ್ನು ಪ್ರಶ್ನಿಸಬಹುದು ಎಂದು ನನಗೆ ವಕೀಲರೊಬ್ಬರು ಹೇಳಿದ್ದಾರೆ. ಕಾಗದಗಳ ಪ್ರತಿಗಳನ್ನು, ಆ ಹೆಂಗಸಿನ ಒಪ್ಪಿಗೆ ಪತ್ರದೊಂದಿಗೆ, ನಿಮ್ಮ ಕಚೇರಿಗೆ ಬೇರೆಯಾಗಿ ಕೊಡುತ್ತಿದ್ದೇನೆ. ಕರೆದರೆ ನಾವಿಬ್ಬರೂ ಬರುತ್ತೇವೆ. ಕರೆಯುವ ಪತ್ರವನ್ನು ದಯವಿಟ್ಟು ಅವಳ ಹೆಸರಿಗೆ ಕಳಿಸಿ, ಕನ್ನಡದಲ್ಲಿ.

ಇತಿ ತಮ್ಮ ವಿಶ್ವಾಸಿ,
ಕುಟುಂಬಶ್ರೀ ಸದಸ್ಯೆ,
ಕಾಸರಗೋಡು ಜಿಲ್ಲೆ

ಪ್ರತಿ: ಕಾರ್ಯದರ್ಶಿಗಳು, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ, ಕಾಸರಗೋಡು